ಹಕ್ಕಿ ಸಾಕಿಲ್ಲ ಅಂದ ದಿನ

ಆ ನೇರಳೆ ಹಕ್ಕಿ ಜೋಡಿಯನ್ನು ಮನೆಗೆ ತಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾಗಿದ್ದ ದಿನ ನನಗೆ ಬಾಯಿ ಬರಲಿಲ್ಲ.

ನಾವಿರುವುದು ಚನ್ನಪಟ್ಟಣದಲ್ಲಿ. ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಅರ್ಜಿ ಬರೆದುಕೊಡುವುದು, ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಹಾಕುವುದು, ಇದೇ ನನ್ನ ಬದುಕು. ಹೆಂಡತಿ ಎರಡು ಬೀದಿ ಆಚೆಯ ಬೊಂಬೆ ಕಾರ್ಖಾನೆಗೆ ಹೋಗುತ್ತಾಳೆ. ಕಡೆದಿಟ್ಟ ಮರದ ತುಂಡುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ. ಸಂಜೆ ಮನೆಗೆ ಬಂದಾಗ ಅವಳ ಹುಬ್ಬಿನ ಮೇಲೂ ಮರದ ಹಿಟ್ಟು ಕೂತಿರುತ್ತದೆ. ನಮಗೆ ಒಬ್ಬಳೇ ಮಗಳು. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿದ್ದಳು.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಹಟ ಮಾಡಿದಳೆಂದು ಮೊದಲ ಜೋಡಿ ಹಕ್ಕಿ ತಂದಿದ್ದೆ. ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಎನ್ನುತ್ತಾರೆ, ಅಂಗಡಿಯವರು ಬಡ್ಜಿ ಎನ್ನುತ್ತಾರೆ. ಹೆಬ್ಬೆರಳಿಗಿಂತ ಒಸಿ ದಪ್ಪ ಮೈ, ಉದ್ದ ಬಾಲ, ಬಗ್ಗಿದ ಕೊಕ್ಕು. ಪುಟ್ಟ ಗಿಣಿಗಳೇ. ಹೆಂಡತಿಗೆ ಆಗ ಇಷ್ಟವಿರಲಿಲ್ಲ. "ಬಾಯಿಲ್ಲದ ಜೀವಾನ ಕೂಡಾಕ್ಬಾರ್ದು ಕಣ್ರೀ, ಒಳ್ಳೇದಾಗಲ್ಲ" ಅಂದಿದ್ದಳು. ಹಾಗೆ ಅಂದವಳೇ ಆಮೇಲೆ ಅವುಗಳಿಗೆ ನನಗಿಂತ ಹತ್ತಿರದವಳಾದಳು. ಅವು ಮರಿ ಮಾಡಿ, ಮರಿಗಳು ಮರಿ ಮಾಡಿ, ಐದು ವರ್ಷದಲ್ಲಿ ಹನ್ನೊಂದಾದವು. ತಾರಸಿಯ ಮೇಲೆ ಶೀಟಿನ ನೆರಳಿನಲ್ಲಿ ಆಳೆತ್ತರದ ಜಾಲರಿ ಪಂಜರ ಮಾಡಿಸಿ, ಮೂಲೆಗಳಲ್ಲಿ ಕುಂಬಾರನ ಹತ್ತಿರ ತಂದ ಸಣ್ಣ ಮಡಕೆಗಳನ್ನು ಕಟ್ಟಿದೆ.

ಬೆಳಿಗ್ಗೆ ಅವುಗಳ ಕೆಲಸವೆಲ್ಲ ಅವಳದೇ. ನವಣೆ ತಿನ್ನುವಾಗ ಈ ಹಕ್ಕಿಗಳು ಕಾಳು ಬಿಡಿಸಿ ಹೊಟ್ಟನ್ನು ಬಟ್ಟಲಿಗೇ ಬಿಡುತ್ತವೆ. ಮೇಲಿಂದ ನೋಡಿದರೆ ಬಟ್ಟಲು ತುಂಬಿದೆ ಅನ್ನಿಸುತ್ತದೆ, ಕೆಳಗೆ ಕಾಳೇ ಇರುವುದಿಲ್ಲ. ಆ ಹೊಟ್ಟನ್ನು ದಿನಾ ಬಾಯಲ್ಲಿ ಊದಿ ಹಾರಿಸಬೇಕು. ಅವಳು ಬಟ್ಟಲನ್ನು ಮುಖದ ಹತ್ತಿರ ಹಿಡಿದು ಉಫ್ ಎಂದು ಊದಿದರೆ ಹೊಟ್ಟು, ಉದುರಿದ ಪುಕ್ಕದ ಪುಡಿ, ಒಣಗಿದ ಹಿಕ್ಕೆ ಎಲ್ಲ ಒಟ್ಟಿಗೆ ಬಿಸಿಲಲ್ಲಿ ಏಳುತ್ತಿದ್ದವು. ಅದು ನೋಡಲು ಚೆಂದವಾಗಿಯೇ ಇರುತ್ತಿತ್ತು.

ಕಳೆದ ವರ್ಷ ರಾಮನಗರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದವನು ಬರುವಾಗ ರಸ್ತೆ ಬದಿಯಲ್ಲಿ ಒಬ್ಬ ಬೈಕಿನ ಹಿಂದೆ ಪಂಜರಗಳನ್ನು ಕಟ್ಟಿಕೊಂಡು ನಿಂತಿದ್ದನ್ನು ನೋಡಿದೆ. ಅದರಲ್ಲಿ ನೇರಳೆ ಬಣ್ಣದ ಒಂದು ಜೋಡಿ ಇತ್ತು. ನಮ್ಮ ಮನೆಯಲ್ಲಿದ್ದವೆಲ್ಲ ಹಸಿರು, ಹಳದಿ, ಒಂದೆರಡು ನೀಲಿ. ನೇರಳೆಯನ್ನು ನಾನು ಫೋನಿನಲ್ಲಿ ಮಾತ್ರ ನೋಡಿದ್ದೆ. ಯೋಚನೆಯೇ ಮಾಡದೆ ತಂದುಬಿಟ್ಟೆ.

ಹೊಸ ಹಕ್ಕಿಯನ್ನು ತಂದ ತಕ್ಷಣ ಹಳೆಯವುಗಳ ಜೊತೆ ಬಿಡಬಾರದು, ಒಂದು ತಿಂಗಳಾದರೂ ಬೇರೆ ಇಡಬೇಕು ಎಂದು ನನಗೆ ಗೊತ್ತಿತ್ತು. ಮೊದಲ ಜೋಡಿ ಕೊಟ್ಟ ಅಂಗಡಿಯವನು ಹೇಳಿದ್ದ. ಬೇರೆ ಪಂಜರವೂ ಮನೆಯಲ್ಲಿತ್ತು. ಅದಕ್ಕೆ ತುಕ್ಕು ಹಿಡಿದಿತ್ತು, ತೊಳೆಯಬೇಕಿತ್ತು, ನನಗೆ ಸೋಮಾರಿತನ. ಅದಕ್ಕಿಂತ ಹೆಚ್ಚಾಗಿ, ಹಸಿರು ಹಳದಿಗಳ ನಡುವೆ ಆ ನೇರಳೆ ಹೇಗೆ ಕಾಣುತ್ತದೆಂದು ಅವತ್ತೇ ನೋಡುವ ಆಸೆ. ಸಂಜೆಯೇ ದೊಡ್ಡ ಪಂಜರಕ್ಕೆ ಬಿಟ್ಟೆ. ಮಗಳು ಫೋಟೊ ತೆಗೆದಳು.

ನಾಲ್ಕನೇ ದಿನ ಆ ನೇರಳೆ ಜೋಡಿಯ ಹೆಣ್ಣು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಮೂಲೆಗೆ ಕೂತಿತು. ಕಣ್ಣಿನ ಸುತ್ತ ಒದ್ದೆ. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಿಕ್ಕೆ ನೀರಾಗಿ ಹಸಿರಾಗಿತ್ತು. ಬದಲಾದ ಜಾಗದ ಸೆಖೆ ಎಂದುಕೊಂಡು ನಾನು ಅಂಗಡಿಗೆ ಹೋದೆ. ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡು, ರಾಗಿ ಗಂಜಿಯಲ್ಲಿ ಹತ್ತಿ ಅದ್ದಿ ಕುಡಿಸಿದಳು. ಮುಖದ ಹತ್ತಿರ ತಂದು ಬೆಚ್ಚಗೆ ಉಸಿರು ಬಿಡುತ್ತಾ, "ತಿನ್ನವ್ವ, ಒಂದ್ ತೊಟ್ಟು ತಿನ್ನವ್ವ" ಎಂದು ಮೂರು ದಿನ ಮಾತಾಡಿಸಿದಳು. ಮೂರನೇ ದಿನ ಅದು ಅವಳ ಅಂಗೈಯಲ್ಲೇ ಸತ್ತಿತು. ದಾಸವಾಳದ ಬುಡದಲ್ಲಿ ಅವಳೇ ಗುಂಡಿ ತೋಡಿ ಮಣ್ಣು ಮಾಡಿದಳು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅವಳಿಗೆ ಜ್ವರ ಬಂತು. ತಲೆ ಸಿಡಿಯುತ್ತಿದೆ ಎಂದಳು, ಮೈಕೈ ನೋವು ಎಂದಳು. ಆಮೇಲೆ ಒಣ ಕೆಮ್ಮು ಶುರುವಾಯಿತು. ನಮ್ಮ ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು. ಜ್ವರ ಬಿಟ್ಟಂತೆ ಮಾಡಿ ಮತ್ತೆ ಬರುತ್ತಿತ್ತು. ಐದನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಂತಳು. ಹತ್ತು ಹೆಜ್ಜೆ ಅದು. ತುಟಿಯ ಬಣ್ಣ ಹೋಗಿತ್ತು. ಬಾಯಿ ತೆರೆದುಕೊಂಡು ಉಸಿರು ಎಳೆಯುತ್ತಿದ್ದಳು, ಎಳೆದಾಗಲೆಲ್ಲ ಎರಡು ಭುಜವೂ ಮೇಲೇಳುತ್ತಿದ್ದವು. ಆ ಭುಜಗಳನ್ನು ನೋಡುತ್ತಾ ನನಗೆ ಆ ಹಕ್ಕಿಯ ಬಾಲ ಕಣ್ಣಿಗೆ ಕಟ್ಟಿತು. ತಕ್ಷಣ ತಲೆ ಕೊಡವಿ ಆಟೋ ಕರೆಯಲು ಓಡಿದೆ.

ರಾಮನಗರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎದೆಯ ಬಲಭಾಗದ ಕೆಳಗೆ ಬೆಳ್ಳಗೆ ಮೋಡದಂತೆ ಕಟ್ಟಿಕೊಂಡಿತ್ತು. ನ್ಯುಮೋನಿಯಾ ಎಂದು ಸೇರಿಸಿಕೊಂಡರು. ಮೂಗಿಗೆ ಆಕ್ಸಿಜನ್ ಪೈಪು ಹಾಕಿ, ಕೈಗೆ ಡ್ರಿಪ್ ಏರಿಸಿದರು. ನೋಡುತ್ತಿದ್ದವರು ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಲೇಡಿ ಡಾಕ್ಟರು. ಫೈಲು ಹಿಡಿದುಕೊಂಡು ಮಂಚದ ಪಕ್ಕ ನಿಂತು ಒಂದೊಂದೇ ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ, ಆಸ್ತಮಾ ಇತ್ತಾ, ಮನೆಯಲ್ಲಿ ಇನ್ನಾರಿಗಾದರೂ ಜ್ವರವಾ. ಹೆಂಡತಿ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಉತ್ತರ ಹೇಳುತ್ತಿದ್ದೆ.

"ಏನು ಕೆಲಸ ಮಾಡ್ತಾರೆ?"

"ಬೊಂಬೆ ಕೆಲಸ ಮೇಡಂ. ಮರ ಉಜ್ಜೋದು."

"ಮಾಸ್ಕ್ ಹಾಕ್ಕೊಳ್ತಾರಾ?"

"ಇಲ್ಲ."

ಅವರು ಅದನ್ನು ಬರೆದುಕೊಂಡರು. ಆಮೇಲೆ ತಲೆ ಎತ್ತದೆ ಕೇಳಿದರು. "ಮನೆಯಲ್ಲಿ ಕೋಳಿ, ಪಾರಿವಾಳ, ಗಿಣಿ, ಲವ್ ಬರ್ಡ್ಸ್, ಏನಾದರೂ ಹಕ್ಕಿ ಸಾಕಿದ್ದೀರಾ?"

"ಇಲ್ಲ" ಅಂದೆ.

ಯಾಕೆ ಹಾಗಂದೆ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಹಕ್ಕಿಗಳನ್ನು ಕಿತ್ತುಕೊಂಡು ಹೋಗುತ್ತಾರೆಂಬ ಭಯವೇನೂ ಇರಲಿಲ್ಲ. ಆ ಪ್ರಶ್ನೆ ಬಂದ ಕ್ಷಣ ನನಗೆ ನೇರಳೆ ಹಕ್ಕಿ, ತೊಳೆಯದೆ ಬಿಟ್ಟ ಪಂಜರ, ಅವಳ ಅಂಗೈ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ಹೌದು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಇನ್ನೊಂದು, ಕೊನೆಗೆ ಇವಳನ್ನು ಇಲ್ಲಿ ಮಲಗಿಸಿದವನು ನಾನೇ ಎಂದಾಗುತ್ತದೆ. ಅಷ್ಟನ್ನು ಯೋಚಿಸಿ ಹೇಳಿದೆನೆಂದಲ್ಲ. ಬಿಸಿ ತಾಗಿದ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಹಾಗೆ ಬಾಯಿಂದ ಬಂದುಬಿಟ್ಟಿತು.

ಡಾಕ್ಟರು ಹೋದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಗಿಣಿ ಜಾತಿಯ ಹಕ್ಕಿಗಳಿಂದ ಬರುವ ಒಂದು ಜ್ವರವಿದೆ ಎಂದಿತ್ತು. ಒಣಗಿದ ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೆ ಬರುತ್ತದೆ. ತಲೆನೋವು, ಜ್ವರ, ಒಣ ಕೆಮ್ಮು. ಸಾಮಾನ್ಯ ನ್ಯುಮೋನಿಯಾಕ್ಕೆ ಕೊಡುವ ಕೆಲವು ಔಷಧಿ ಇದಕ್ಕೆ ಹಿಡಿಯುವುದಿಲ್ಲ. ಸರಿಯಾದ ಔಷಧಿ ತಡವಾದರೆ ಜೀವಕ್ಕೂ ಅಪಾಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಎದ್ದು ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಯಾರೋ ರೋಗಿ ಇದ್ದರು. ವಾಪಸ್ಸು ಬಂದು ಕೂತೆ. ರೋಗಿ ಹೊರಗೆ ಬಂದರು. ನಾನು ಏಳಲಿಲ್ಲ. ನಾಳೆ ಜ್ವರ ಇಳಿದರೆ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಜ್ವರ ಇಳಿಯಲಿಲ್ಲ. ಆಕ್ಸಿಜನ್ ಹೆಚ್ಚಿಸಿದರು. ಅವಳು ಎರಡು ಮಾತು ಆಡಿದರೆ ಮೂರನೆಯದಕ್ಕೆ ಉಸಿರು ಇರುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು, ಸುಮ್ಮನೆ. ನೀರು ಬೇಕಾ ಅಂದರೆ ಬೇಡವೆಂದು ತಲೆ ಆಡಿಸುತ್ತಿದ್ದಳು, ಆದರೆ ನೋಡುವುದನ್ನು ಬಿಡುತ್ತಿರಲಿಲ್ಲ. ಮಂಚದ ಪಕ್ಕದ ಯಂತ್ರದಲ್ಲಿ ತೊಂಬತ್ತೊಂದು, ತೊಂಬತ್ತು, ಎಂಬತ್ತೊಂಬತ್ತು ಎಂದು ಅಂಕಿ ಬದಲಾಗುತ್ತಿತ್ತು. ಎಂಬತ್ತೆಂಟಾದಾಗ ಅದು ಕೂಗಿತು. ನರ್ಸ್ ಓಡಿಬಂದು ಪೈಪು ಸರಿ ಮಾಡಿದರು.  ನಾನು ಮಂಚದ ಕಂಬಿ ಹಿಡಿದುಕೊಂಡು ಅಂಕಿಯನ್ನೇ ನೋಡುತ್ತಾ ನಿಂತೆ.

ಅವತ್ತು ಮಧ್ಯಾಹ್ನ ಬೊಂಬೆ ಕಾರ್ಖಾನೆಯ ಯಜಮಾನರು ನೋಡಲು ಬಂದರು. ಅರವತ್ತು ದಾಟಿದವರು, ತಾವೂ ಮೊದಲು ಕಡೆಯುವ ಕೆಲಸದಲ್ಲೇ ಇದ್ದವರು. ಎಳನೀರು ತಂದಿದ್ದರು. ಅವಳ ಮೂಗಿನ ಪೈಪು ನೋಡಿ ಅವರ ಮುಖ ಸಣ್ಣದಾಯಿತು. ನನ್ನನ್ನು ಹೊರಗೆ ಕರೆದು ಕೇಳಿದರು. "ಡಾಕ್ಟ್ರು ಏನಂತಾರೆ? ನಮ್ ಧೂಳಿಂದ್ಲೇ ಹಿಂಗಾಗಿರೋದಾ?"

ನಾನು ಅವರು ಕೊಟ್ಟ ಎಳನೀರನ್ನು ಬೆಂಚಿನ ಮೇಲಿಟ್ಟೆ.

"ಹದಿನೈದು ವರ್ಷದಿಂದ ನಮ್ಮಲ್ಲೇ ಅವ್ಳೆ. ಒಂದಿನ ಸೀನ್ಲಿಲ್ಲ. ಒಂದು ಫ್ಯಾನ್ ಹಾಕುಸ್ಬೇಕು ಹಾಕುಸ್ಬೇಕು ಅಂತ ನಾನೇ ಮುಂದಕ್ಕಾಕ್ಬುಟ್ಟೆ ಕಣಪ್ಪ. ನಂದೇ ತಪ್ಪು." ಅವರ ಕಣ್ಣಲ್ಲಿ ನೀರಿತ್ತು.

ಆಗಲಾದರೂ ಹೇಳಬಹುದಿತ್ತು. ನಾನು "ಇರ್ಲಿ ಬುಡಿ" ಅಂದೆ. ಬೇರೆಯವರ ತಲೆಗೆ ಬಿದ್ದ ನನ್ನ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ ಅಂದೆ. ಅವರು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ನಿಂತೆ. ಹೇಳದೆ ಕಳೆದ ಒಂದೊಂದು ಗಂಟೆಯೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ನಿನ್ನೆಯಾದರೆ ಮರೆತಿದ್ದೆ ಎನ್ನಬಹುದಿತ್ತು. ಈಗ ಒಂದು ದಿನವಿಡೀ ಯಾಕೆ ಸುಮ್ಮನಿದ್ದೆ ಎಂದರೆ ಏನು ಹೇಳಲಿ?

ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಮಗಳ ಫೋನು ಬಂತು. ಅವಳ ಜೊತೆ ಮನೆಯಲ್ಲಿರಲು ಬೈರಾಪಟ್ಟಣದಿಂದ ನಮ್ಮ ಅತ್ತೆ ಬಂದಿದ್ದರು. ಅವತ್ತು ಶನಿವಾರ, ಸ್ಕೂಲು ಅರ್ಧ ದಿನ.

"ಅಪ್ಪ, ಅಮ್ಮ ಹೆಂಗೈತೆ?"

"ಪರವಾಗಿಲ್ಲ ಕಣವ್ವ. ಊಟ ಆಯ್ತಾ?"

"ಆಯ್ತು. ನೀನು ಬಂದ್ರೆ ಬಯ್ತೀಯ ಅಂತ ಹಕ್ಕಿ ಗೂಡೆಲ್ಲ ಕ್ಲೀನ್ ಮಾಡ್ದೆ ಅಪ್ಪ. ವಾರದಿಂದ ಯಾರೂ ಗುಡಿಸೇ ಇರ್ಲಿಲ್ಲ. ಎಷ್ಟು ಧೂಳು ಗೊತ್ತಾ, ಕಣ್ಣು ಮೂಗೆಲ್ಲಾ ತುಂಬ್ಕಂಡೋಯ್ತು." ಅವಳು ಎರಡು ಸಲ ಕೆಮ್ಮಿದಳು. "ಅಪ್ಪ, ಆ ಹಸಿರು ಹೆಣ್ಣು ಉಬ್ಕಂಡು ಕೂತೈತೆ. ಆವತ್ತು ಅದು ಕೂತಿತ್ತಲ್ಲ, ಹಂಗೇ. ಅಮ್ಮ ಮಾಡ್ದಂಗೆ ಕೈಗೆತ್ಕಂಡು ಒಸಿ ಗಂಜಿ ಕುಡಿಸ್ಲಾ?"

"ಮುಟ್ಬೇಡ!"

ನಾನು ಕಿರುಚಿದ್ದಕ್ಕೆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. 

"ಮುಟ್ಬೇಡ ಮಗ. ಕೆಳಗೆ ಬಾ. ತಾರಸಿ ಬಾಗ್ಲು ಹಾಕು. ಸೋಪಾಕಿ ಕೈ ಕಾಲು ಮುಖ ತೊಳ್ಕೊ, ಬಟ್ಟೆ ಬದಲಾಯ್ಸು. ನಾನು ಹೇಳೋವರ್ಗೂ ಯಾರೂ ಮೇಲಕ್ಕೆ ಹೋಗ್ಬೇಡಿ."

"ಯಾಕಪ್ಪ? ಏನಾಯ್ತು?"

ಅವಳ ಧ್ವನಿಯಲ್ಲಿ ಅಳು ಬಂದಿತ್ತು. ನಾನು ಫೋನು ಇಟ್ಟು ನೇರ ಡಾಕ್ಟರ ಕೋಣೆಗೆ ಹೋದೆ. ಒಳಗೆ ಯಾರಿದ್ದಾರೆಂದೂ ನೋಡಲಿಲ್ಲ. ಅವರೊಬ್ಬರೇ ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಮೇಡಂ, ಮನೇಲಿ ಲವ್ ಬರ್ಡ್ಸ್ ಇವೆ. ಹನ್ನೆರಡು. ಹೊಸದಾಗಿ ತಂದಿದ್ದರಲ್ಲಿ ಒಂದು ಸತ್ತೋಯ್ತು. ಇವಳೇ ಅದಕ್ಕೆ ಆರೈಕೆ ಮಾಡಿದ್ದು. ಈಗ ಇನ್ನೊಂದಕ್ಕೆ ಹುಷಾರಿಲ್ಲ."

ಅವರು ಡಬ್ಬಿಯ ಮುಚ್ಚಳ ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. "ಮೊನ್ನೆ ಕೇಳಿದ್ನಲ್ಲ?"

"ಕೇಳಿದ್ರಿ."

"ಮತ್ತೆ?"

"ಸುಳ್ಳು ಹೇಳ್ದೆ."

ಬಯ್ಯುತ್ತಾರೆಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಡಬ್ಬಿ ಮುಚ್ಚಿಟ್ಟು, ಎದ್ದು, ವಾರ್ಡಿನ ಕಡೆ ನಡೆಯುತ್ತಾ ಮಾತಾಡಿದರು. "ಹಕ್ಕಿಯಿಂದಲೇ ಬಂದಿದೆ ಅಂತ ನಾನು ಈಗ್ಲೇ ಹೇಳೋಕಾಗಲ್ಲ. ಆದ್ರೆ ನೀವು ಹೇಳಿದ್ರೆ ಮೊದಲ ದಿನವೇ ಇನ್ನೊಂದು ಔಷಧಿ ಜೊತೆಗೆ ಶುರು ಮಾಡ್ತಿದ್ದೆ. ಮಗಳಿಗೆ ಜ್ವರ ಇದೆಯಾ?"

"ಇಲ್ಲ. ಎರಡು ಸಲ ಕೆಮ್ಮಿದ್ಲು."

"ಇವತ್ತೇ ಕರೆಸಿ."

ಸಂಜೆಯೊಳಗೆ ಅತ್ತೆ ಮಗಳನ್ನು ಬಸ್ಸಿನಲ್ಲಿ ಕರೆತಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ ಸದ್ಯಕ್ಕೆ ಏನಿಲ್ಲ ಎಂದರು ಡಾಕ್ಟರು. ಕಾಯಿಲೆ ಕಾಣಿಸಿಕೊಳ್ಳಲು ಒಂದೆರಡು ವಾರ ಹಿಡಿಯಬಹುದು, ಜ್ವರ ಬಂದರೆ ಕೂಡಲೇ ಕರೆತನ್ನಿ ಎಂದರು. ಅಲ್ಲಿಗೆ ನನ್ನ ಭಯ ಎರಡಾಯಿತು. ಒಂದು ಮಂಚದ ಮೇಲಿತ್ತು. ಇನ್ನೊಂದು ಎರಡು ಜಡೆ ಹಾಕಿಕೊಂಡು ನನ್ನ ಮುಂದೆ ನಿಂತು, "ಅಪ್ಪ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳುತ್ತಿತ್ತು.

"ನಿನ್ನಿಂದಲ್ಲ ಕಣವ್ವ" ಅಂದೆ. ಅಷ್ಟಕ್ಕೆ ಬಿಡಬಾರದೆನ್ನಿಸಿ, ಅತ್ತೆಯ ಎದುರಿಗೇ ಎಲ್ಲವನ್ನೂ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.  ಮಗಳ ಕೈ ಹಿಡಿದುಕೊಂಡು ಹೋಗಿ ಬೆಂಚಿನ ಆ ತುದಿಯಲ್ಲಿ ಕೂತರು.

ಔಷಧಿ ಬದಲಾದ ಎರಡನೇ ದಿನ ಬೆಳಿಗ್ಗೆ ಹೆಂಡತಿಯ ಹಣೆ ಮುಟ್ಟಿದಾಗ ತಣ್ಣಗಿತ್ತು. ಸಾವಿನ ತಣ್ಣಗೆ ಅಂತಲೇ ನನಗೆ ಮೊದಲು ಅನ್ನಿಸಿದ್ದು. ಕೈ ತೆಗೆಯಲಾಗದೆ ನಿಂತೆ. ಅವಳು ಕಣ್ಣು ಬಿಟ್ಟು, "ಬೆವರು ಕಣ್ರೀ, ಒಸಿ ಒರೆಸಿ" ಎಂದಳು. ಎಷ್ಟೋ ದಿನಗಳ ಮೇಲೆ ಒಂದೇ ಉಸಿರಿನಲ್ಲಿ ನಾಲ್ಕು ಮಾತು.

ಅದಾಗಿ ಎರಡು ದಿನಕ್ಕೆ ಪೈಪು ತೆಗೆದರು. ಅವಳನ್ನು ದಿಂಬಿಗೆ ಒರಗಿಸಿ ಗಂಜಿ ಕುಡಿಸುತ್ತಿದ್ದೆ. ಮಗಳಿಗೆ ಜ್ವರವಿಲ್ಲ ಎಂದು ಅವತ್ತಿನ ಸುದ್ದಿ ಹೇಳಿದೆ. ಆಮೇಲೆ ನನ್ನ ಸುಳ್ಳಿನ ವಿಷಯವನ್ನು ಹೇಳಲು ಬಾಯಿ ತೆರೆದೆ.

"ಗೊತ್ತು" ಅಂದಳು. "ಡಾಕ್ಟ್ರು ಕೇಳ್ದಾಗ ನಾನು ಎಚ್ಚರವಾಗೇ ಇದ್ದೆ."

ಚಮಚ ನನ್ನ ಕೈಯಲ್ಲೇ ನಿಂತಿತು. "ಮತ್ಯಾಕೆ ನೀನು ಹೇಳ್ಲಿಲ್ಲ?"

"ನೀವು ಇಲ್ಲ ಅಂದ್ಮೇಲೆ ನಾನು ಅವೆ ಅಂದ್ರೆ, ಆ ಯಮ್ಮನ ಮುಂದೆ ನಿಮ್ಮ ಮಖ ಎಲ್ಲಿಟ್ಕಂತಿದ್ರಿ? ಒಸಿ ಒತ್ತಾದ್ಮೇಲೆ ನೀವೇ ಹೋಗಿ ಹೇಳ್ತೀರಿ ಅಂದ್ಕಂಡೆ." ಅವಳು ಉಸಿರು ತೆಗೆದುಕೊಂಡಳು. "ಸಂಜೆವರ್ಗೂ ಕಾದೆ. ಮಾರ್ನೇ ದಿನಾನೂ ಕಾದೆ. ಆಮೇಲೆ ಹೇಳಾನ ಅಂದ್ರೆ ನಂಗೆ ಉಸಿರಿರ್ಲಿಲ್ಲ. ಇವರು ಹೇಳ್ದೇನೇ ಇದ್ಬುಡ್ತಾರಾ ಅಂತ ನಿಮ್ಮನ್ನೇ ನೋಡ್ತಿದ್ದೆ. ಕಾಯಿಲೆಗೆ ನಾನು ಅಷ್ಟು ಹೆದ್ರಲಿಲ್ಲ ಕಣ್ರೀ. ಅದಕ್ಕೆ ಹೆದ್ರಿದ್ದೆ."

ಅವಳು ಕೋಪದಿಂದ ಹೇಳಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಗಂಜಿ ಇನ್ನೂ ಬೇಕು ಎಂದು ಬಾಯಿ ತೆರೆದಳು. ನಾನು ಕುಡಿಸಿದೆ. ಮದುವೆಯಾದ ಮೇಲೆ ಅವಳ ಮುಂದೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಮನೆಗೆ ಕರೆತರುವ ಹಿಂದಿನ ದಿನ ನಾನೊಬ್ಬನೇ ಬಂದು ತಾರಸಿಗೆ ಹೋದೆ. ಮಾಸ್ಕ್ ಹಾಕಿ, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು. ಡಾಕ್ಟರು ಹೇಳಿದ ಮೇಲೆ ದಿನಕ್ಕೊಮ್ಮೆ ಬಂದು ಹೀಗೇ ಕಾಳು ನೀರು ಇಟ್ಟು ಹೋಗುತ್ತಿದ್ದೆ. ಹಸಿರು ಹೆಣ್ಣು ಸತ್ತು ಬಿದ್ದಿತ್ತು. ಅದನ್ನು ಎರಡು ಕವರಿನಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿನ ಡಾಕ್ಟರು ದೂರದಿಂದಲೇ ವಿಷಯ ಕೇಳಿಸಿಕೊಂಡರು. ಉಳಿದ ಹಕ್ಕಿಗಳಿಗೆ ಒಂದೂವರೆ ತಿಂಗಳು ಕುಡಿಯುವ ನೀರಿನಲ್ಲಿ ಔಷಧಿ ಹಾಕಬೇಕು, ಬೇರೆ ನೀರು ಕೊಡಬಾರದು, ಒಂದು ದಿನವೂ ತಪ್ಪಬಾರದು ಎಂದರು. ಒಣದಾಗಿ ಗುಡಿಸಲೇಬಾರದು, ಮೊದಲು ಸೋಂಕು ನಿವಾರಕದ ನೀರು ಸಿಂಪಡಿಸಿ ನೆನೆಸಿ, ಆಮೇಲೆ ಬಳಿಯಬೇಕು. "ಅಷ್ಟು ಕಷ್ಟ ಯಾಕೆ, ಬೇಡ ಅನ್ಸಿದ್ರೆ ಅದಕ್ಕೂ ದಾರಿ ಇದೆ" ಎಂದೂ ಹೇಳಿದರು.

ಉಳಿದವನ್ನು ಕೊಲ್ಲಿಸಿಬಿಡುವುದಾ, ಇಟ್ಟುಕೊಳ್ಳುವುದಾ ಎಂದು ಹೆಂಡತಿಗೆ ಫೋನು ಮಾಡಿ ಕೇಳಿದೆ.  "ಅವೇನ್ ಮಾಡವೆ, ಪಾಪ" ಅಂದಳು.

ಒಂದೂವರೆ ತಿಂಗಳು ನಾನೇ ಮಾಡಿದೆ. ಅಂಗಡಿಗೆ ಹೋಗುವ ಮೊದಲು ದಿನಾ ಮಾಸ್ಕ್, ಕನ್ನಡಕ, ಹಳೇ ಅಂಗಿ. ಇಳಿದು ಬಂದ ಕೂಡಲೇ ಸ್ನಾನ. ಮೂಗಿನ ತುದಿ ತುರಿಸಿದರೂ ಜೀವ ಜಲ್ಲೆನ್ನುತ್ತಿತ್ತು. ಮಗಳ ಹಣೆಯನ್ನು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ. ಅವಳು ಕೊನೆಗೆ ರೇಗಿ ಥರ್ಮಾಮೀಟರನ್ನೇ ಕುತ್ತಿಗೆಗೆ ದಾರ ಕಟ್ಟಿ ಹಾಕಿಕೊಂಡಳು. ಎರಡು ವಾರ ಕಳೆಯಿತು, ಮೂರು ಕಳೆಯಿತು. ಅವಳಿಗೆ ಏನೂ ಆಗಲಿಲ್ಲ. ಹಕ್ಕಿಗಳಲ್ಲಿ ಇನ್ನೊಂದು ಹೋಯಿತು, ಹತ್ತು ಉಳಿದವು. ನೇರಳೆ ಗಂಡೂ ಉಳಿಯಿತು.

ಕಾರ್ಖಾನೆಯ ಯಜಮಾನರ ಮನೆಗೆ ಹೋಗಿ ನಿಜ ಹೇಳಿದ್ದು ಆ ತಿಂಗಳಲ್ಲೇ. ಅವರು ಜಗಲಿಯ ಮೇಲೆ ಕೂತು ಕೊನೆವರೆಗೂ ಕೇಳಿದರು. "ಎಂಟು ದಿನ ನಿದ್ದೆ ಮಾಡಿಲ್ಲ ಕಣಪ್ಪ ನಾನು" ಅಂದರು. ಜಗಲಿಯಿಂದ ಎದ್ದು, "ಹೋಗ್ಲಿ, ಬದುಕ್ಕಂಡ್ಳಲ್ಲ" ಅಂದರು. ಒಳಗೆ ಬಾ ಎಂದು ಕರೆಯಲಿಲ್ಲ. ನಾನೂ ನಿರೀಕ್ಷಿಸಲಿಲ್ಲ. ಆದರೂ ಮುಂದಿನ ವಾರ ಅವರು ಧೂಳು ಎಳೆಯುವ ಎರಡು ಫ್ಯಾನುಗಳನ್ನು ಹಾಕಿಸಿದರೆಂದು ಹೆಂಡತಿ ಕೆಲಸಕ್ಕೆ ಮರಳಿದ ಮೇಲೆ ಹೇಳಿದಳು.

ಹಕ್ಕಿಯಿಂದಲೇ ಬಂದದ್ದೋ ಅಲ್ಲವೋ ಖಚಿತವಾಗಿ ಯಾರೂ ಹೇಳಲಿಲ್ಲ. ಹೊಂದಿಕೆಯಾಗುತ್ತದೆ ಎಂದಷ್ಟೇ ಅಂದರು ಡಾಕ್ಟರು. ಅಷ್ಟು ಸಾಕು ನನಗೆ.

ಹೆಂಡತಿ ಈಗ ತಾರಸಿಗೆ ಬರುತ್ತಾಳೆ. ಮಾಸ್ಕ್ ಹಾಕಿಕೊಂಡು ಬಾಗಿಲ ಹತ್ತಿರವೇ ನಿಂತು, ಹತ್ತೂ ಇವೆಯೇ ಎಂದು ನೋಡಿ ಇಳಿದುಹೋಗುತ್ತಾಳೆ. ಬಟ್ಟಲುಗಳನ್ನು ನಾನೇ ತೊಳೆಯುತ್ತೇನೆ. ಹೊಟ್ಟನ್ನು ಊದುವುದಿಲ್ಲ, ನೀರಿನ ಬಕೀಟಿಗೆ ಸುರಿಯುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಬಕೀಟು ಹಿಡಿದು ನಿಂತಿದ್ದಾಗ ಕೆಳಗಿನಿಂದ ಅವಳ ಕೆಮ್ಮು ಕೇಳಿಸಿತು. ಒಂದು. ಎರಡು. ನಿಲ್ಲಲಿಲ್ಲ. ಬಕೀಟು ಅಲ್ಲೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಅಡುಗೆಮನೆಗೆ ಓಡಿದೆ. ಅವಳು ಒಲೆಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು.

"ಮೆಣಸಿನಕಾಯಿ ಘಾಟು ಕಣ್ರೀ" ಅಂದಳು. ಆಮೇಲೆ ನನ್ನ ಮುಖ ನೋಡಿ ಒಲೆ ಆರಿಸಿದಳು. "ನೋಡಿ, ಉಸಿರು ಚೆನ್ನಾಗೇ ಬತ್ತಾ ಐತೆ" ಎಂದು ನಿಧಾನವಾಗಿ ಒಳಗೆ ಎಳೆದು ಹೊರಗೆ ಬಿಟ್ಟು ತೋರಿಸಿದಳು. ನಾನು ಬಾಗಿಲಲ್ಲೇ ನಿಂತು, ಅವಳ ಭುಜ ಮೇಲೇಳುತ್ತದೆಯೇ ಎಂದು ನೋಡುತ್ತಿದ್ದೆ.